ಆರು ತಿಂಗಳು ಪಂಪ್ ಮನೆಯಲ್ಲಿ: ಔಷಧಿ ಡ್ರೋನಿನ ಬ್ಯಾಟರಿಗಳು ಕೆಟ್ಟ ಒಂದು ಪ್ರಕರಣ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ಒಂದು ಹಳ್ಳಿ. ಭಾವ-ಮೈದುನ ಇಬ್ಬರು ಸೇರಿ ಸಾಲ ಮಾಡಿ ಔಷಧಿ ಹೊಡೆಯುವ ಡ್ರೋನ್ ತಗೊಂಡರು. ಮೊದಲ ಹಂಗಾಮಿನಲ್ಲಿ ಆಲೂಗಡ್ಡೆ, ಮುಸುಕಿನ ಜೋಳ, ಒಂದಿಷ್ಟು ಶುಂಠಿ, ಕೊನೆಗೆ ಭತ್ತ, ಎಲ್ಲದಕ್ಕೂ ಹೊಡೆದರು. ಕೆಲಸ ಚೆನ್ನಾಗಿ ಸಿಕ್ಕಿತು. ಎರಡನೇ ಹಂಗಾಮು ಶುರುವಾಗುವ ಹೊತ್ತಿಗೆ ಇದ್ದ 8 ಬ್ಯಾಟರಿ ಪ್ಯಾಕ್‌ಗಳಲ್ಲಿ 4 ಊದಿಕೊಂಡಿದ್ದವು. ಒಂದು ಪೂರ್ತಿ ಸತ್ತಿತ್ತು. ಆ ಸತ್ತ ಪ್ಯಾಕನ್ನು ಎಬ್ಬಿಸಲು ಹೋಗಿ ಅದು ಜಗುಲಿಯಲ್ಲೇ ಊದಿ, ಅಂಗಳದಲ್ಲಿ ಹೊಗೆ ಎದ್ದು ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ.

ನಾನು ಹಾಸನದಲ್ಲಿ ಇನ್ವರ್ಟರ್, ಬ್ಯಾಟರಿ, ಈಚೆಗೆ ಡ್ರೋನ್ ರಿಪೇರಿ ಮಾಡುತ್ತೇನೆ. ಬೆಂಕಿ ಹತ್ತಿದ ಮಾರನೇ ದಿನ ಉಳಿದ ಏಳು ಪ್ಯಾಕ್ ನನ್ನ ಮೇಜಿಗೆ ಬಂದವು. ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. ನಮ್ಮ ಹಳ್ಳಿಗಳಿಗೆ ಡ್ರೋನ್ ಬರುವುದು ಜಾಸ್ತಿಯಾಗುತ್ತಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯೊಂದರ ಗುರಿಯೇ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು. ಹಾರಿಸುವುದನ್ನು ಎಲ್ಲರೂ ಕಲಿಯುತ್ತಾರೆ. ಇಳಿಸಿದ ಮೇಲೆ ಬ್ಯಾಟರಿಯನ್ನು ಏನು ಮಾಡಬೇಕು ಅನ್ನುವುದನ್ನು ಕಲಿತವರು ಕಡಿಮೆ. ನನ್ನ ಅನುಭವದಲ್ಲಿ ಬ್ಯಾಟರಿಯ ಆಯಸ್ಸು ತೀರ್ಮಾನವಾಗುವುದು ಇಳಿದ ಮೇಲಿನ ಒಂದು ಗಂಟೆಯಲ್ಲಿ, ಮತ್ತೆ ಹಂಗಾಮು ಮುಗಿದ ಮೇಲಿನ ತಿಂಗಳುಗಳಲ್ಲಿ.

ಮೊದಲು ಸಾಮಾನಿನ ಪರಿಚಯ. 10 ಲೀಟರ್ ಟ್ಯಾಂಕಿನ ಡ್ರೋನ್. ಒಂದೊಂದು ಪ್ಯಾಕ್‌ನಲ್ಲಿ 6 ಲಿಥಿಯಂ ಪಾಲಿಮರ್ ಸೆಲ್, 22.2 ವೋಲ್ಟ್, 16,000 ಮಿಲಿಆಂಪ್-ಅವರ್, ಅಂದರೆ 16 ಆಂಪ್-ಅವರ್. ಎರಡು ಪ್ಯಾಕ್ ಸೀರೀಸ್‌ನಲ್ಲಿ ಸೇರಿಸಿದರೆ 12 ಸೆಲ್, 44.4 ವೋಲ್ಟ್. ಅದನ್ನೇ ಒಂದು ಜೋಡಿ ಅನ್ನುತ್ತೇವೆ. ಒಂದು ಜೋಡಿಗೆ ಸುಮಾರು 8 ನಿಮಿಷದ ಹಾರಾಟ, ಒಂದು ಟ್ಯಾಂಕ್, ಹತ್ತಿರ ಹತ್ತಿರ ಒಂದು ಎಕರೆ. ಇವರ ಹತ್ತಿರ ನಾಲ್ಕು ಜೋಡಿ, ಎರಡು ಚಾರ್ಜರ್, 5 ಕೆ.ವಿ.ಎ ಜನರೇಟರ್ ಇತ್ತು.

ಸೆಲ್‌ನ ಅಂಕಿಗಳೂ ಇಲ್ಲೇ ಇರಲಿ, ಮುಂದೆ ಪದೇ ಪದೇ ಬರುತ್ತವೆ. ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್. ಎತ್ತಿಡಬೇಕಾದಾಗ 3.8ರಿಂದ 3.85. ಹಾರಾಟ ಮುಗಿಸಿ ತಣ್ಣಗಾದ ಮೇಲೆ 3.7ಕ್ಕಿಂತ ಕೆಳಗಿರಬಾರದು. 3.0ಕ್ಕಿಂತ ಕೆಳಗೆ ಹೋದರೆ ಒಳಗೆ ಪೆಟ್ಟು ಬಿತ್ತು ಅಂತಲೇ ಲೆಕ್ಕ. ಕೆಲವು ಪ್ಯಾಕ್ 4.35 ವೋಲ್ಟ್‌ವರೆಗೂ ತುಂಬುವ ಜಾತಿಯವು, ಮೇಲೆಯೇ ಬರೆದಿರುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಮಾಮೂಲಿ ಪ್ಯಾಕ್ ಚಾರ್ಜ್ ಮಾಡಿದರೆ ಬೆಂಕಿಗೆ ದಾರಿ. ಇವರದ್ದು ಮಾಮೂಲಿ ಜಾತಿಯೇ.

ಏನು ನಡೆಯಿತು

ಮಳೆ ಹಿಡಿದ ಜುಲೈನಲ್ಲಿ ಆಲೂಗಡ್ಡೆಗೆ ಅಂಗಮಾರಿ ಭಯ ಶುರುವಾಗುತ್ತದೆ. ಎರಡು ದಿನ ಮೋಡ ಕವಿದು ಜಿನುಗಿದರೆ ಸಾಕು, ಊರಿನವರೆಲ್ಲ ಒಟ್ಟಿಗೆ ಔಷಧಿ ಹೊಡೆಸಬೇಕು. ನಾಳೆ ಅಂದರೆ ಆಗಲ್ಲ. ಆ ಒತ್ತಡದಲ್ಲಿ ಇವರು ಡ್ರೋನ್ ಇಳಿದ ತಕ್ಷಣ ಬಿಸಿ ಬ್ಯಾಟರಿಯನ್ನು ಬಿಚ್ಚಿ ಹಾಗೆಯೇ ಚಾರ್ಜರ್‌ಗೆ ಹಾಕುತ್ತಿದ್ದರು. ಚಾರ್ಜರ್ 30 ಆಂಪ್‌ಗೆ ಇಟ್ಟಿದ್ದರು. 16 ಆಂಪ್-ಅವರ್ ಪ್ಯಾಕ್‌ಗೆ 16 ಆಂಪ್ ಕೊಟ್ಟರೆ ಅದನ್ನು 1ಸಿ ಅನ್ನುತ್ತಾರೆ. ಇವರು ಕೊಡುತ್ತಿದ್ದದ್ದು ಅದರ ಹತ್ತಿರ ಹತ್ತಿರ ಎರಡರಷ್ಟು.

ಜೊತೆಗೆ, ಕಡಿಮೆ ವೋಲ್ಟೇಜ್ ಎಚ್ಚರಿಕೆ ಬಂದು ಡ್ರೋನ್ ಬೇಗ ವಾಪಸ್ಸಾಗುತ್ತದೆ ಅಂತ ಆ ಮಿತಿಯನ್ನು 39.6 ವೋಲ್ಟ್‌ಗೆ ಇಳಿಸಿದ್ದರು. ಸೆಲ್‌ಗೆ 3.3 ವೋಲ್ಟ್ ಆಯಿತು. ಯಾವ ಪ್ಯಾಕ್ ಯಾವುದರ ಜೋಡಿ ಅನ್ನುವ ಗುರುತೂ ಇರಲಿಲ್ಲ. ಕೈಗೆ ಸಿಕ್ಕ ಎರಡು ಹಾಕಿ ಹಾರಿಸುವುದು.

ನವೆಂಬರ್‌ನಲ್ಲಿ ಕೆಲಸ ನಿಂತಿತು. ಯಾರಾದರೂ ಕರೆದರೆ ತಕ್ಷಣ ಹೋಗಬಹುದು ಅಂತ ಆರು ಪ್ಯಾಕ್ ಫುಲ್ ಚಾರ್ಜ್ ಮಾಡಿಟ್ಟರು. ಕೊನೆಯ ದಿನ ಅರ್ಧ ಟ್ಯಾಂಕ್ ಹೊಡೆದು ಇಳಿಸಿದ ಒಂದು ಜೋಡಿ ಮಾತ್ರ ಹಾಗೆಯೇ ಉಳಿಯಿತು. ಎಂಟನ್ನೂ ಪಂಪ್ ಮನೆಯ ಅಟ್ಟದಲ್ಲಿ ಇಟ್ಟರು. ಮೇಲೆ ಜಿಂಕ್ ಶೀಟು, ಪಕ್ಕದಲ್ಲಿ ಡೀಸೆಲ್ ಕ್ಯಾನು, ಮಿಕ್ಕ ಔಷಧಿ ಪೊಟ್ಟಣಗಳು. ಆಮೇಲೆ ಯಾರೂ ಆ ಕಡೆ ನೋಡಲಿಲ್ಲ.

ಮೇ ತಿಂಗಳಲ್ಲಿ ಬಿತ್ತನೆ ಆಲೂಗಡ್ಡೆ ತರುವ ಹೊತ್ತಿಗೆ ಬ್ಯಾಟರಿ ಇಳಿಸಿ ನೋಡಿದರೆ ಮೇಲೆ ಹೇಳಿದ ಸ್ಥಿತಿ. ಸತ್ತಿದ್ದ ಪ್ಯಾಕನ್ನು ಚಾರ್ಜರ್ ತಗೊಳ್ಳಲೇ ಇಲ್ಲ. ಸೆಲ್ ವೋಲ್ಟೇಜ್ ತೀರಾ ಕಡಿಮೆ ಅಂತ ತೋರಿಸಿ ನಿಂತಿತು. ಮೈದುನ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದ್ದ. ಚಾರ್ಜರನ್ನು ನಿಕಲ್ ಬ್ಯಾಟರಿ ಮೋಡ್‌ಗೆ ಹಾಕಿ ಸ್ವಲ್ಪ ಹೊತ್ತು ಕರೆಂಟ್ ಕೊಟ್ಟರೆ ವೋಲ್ಟೇಜ್ ಏರುತ್ತದೆ, ಆಮೇಲೆ ಲಿಥಿಯಂ ಮೋಡ್‌ಗೆ ತಿರುಗಿಸಬಹುದು ಅಂತ ಅದರಲ್ಲಿತ್ತು. ಗೆಳೆಯನ ಹತ್ತಿರ ಆಟದ ವಿಮಾನಕ್ಕೆ ಬಳಸುವ ಸಣ್ಣ ಚಾರ್ಜರ್ ತಂದು ಹಾಗೆಯೇ ಮಾಡಿದ. ವೋಲ್ಟೇಜ್ ಏರಿತು ಕೂಡ. ಖುಷಿಯಾಗಿ ಡ್ರೋನಿನ ಚಾರ್ಜರ್‌ಗೆ ಹಾಕಿ ಊಟಕ್ಕೆ ಕೂತ.

ಮೊದಲು ಗೊತ್ತಾದದ್ದು ಅವನ ಅಕ್ಕನಿಗೆ. “ನೈಲ್ ಪಾಲಿಶ್ ತೆಗೆಯೋ ಎಣ್ಣೆ ತರ ಒಂದು ವಾಸನೆ ಬಂತು ಅಣ್ಣ. ಬಂದು ನೋಡಿದ್ರೆ ಪ್ಯಾಕು ದಿಂಬಿನ ಹಾಗೆ ಊದ್ತಾ ಇತ್ತು,” ಅಂದರು ನನಗೆ. ಅವರೇ ಕೂಗಿದ್ದು. ಭಾವ ಮೊದಲು ಪ್ಲಗ್ ಕಿತ್ತರು, ಆಮೇಲೆ ಸನಿಕೆಯಿಂದ ಪ್ಯಾಕನ್ನು ಜಗುಲಿಯಿಂದ ಅಂಗಳಕ್ಕೆ ತಳ್ಳಿದರು. ತಳ್ಳಿ ಹಿಂದೆ ಸರಿಯುವಷ್ಟರಲ್ಲಿ ಪಕ್ಕದಿಂದ ಬಿಳಿ ಹೊಗೆ ಜೋರಾಗಿ ನುಗ್ಗಿತು, ಅದರ ಹಿಂದೆಯೇ ಜ್ವಾಲೆ. ಒಂದು ಸೆಲ್ ಆದ ಮೇಲೆ ಇನ್ನೊಂದು ಹತ್ತಿಕೊಂಡಿತು. ಮನೆ ಕೆಲಸಕ್ಕೆ ತಂದಿದ್ದ ಮರಳಿನ ರಾಶಿ ಅಲ್ಲೇ ಇತ್ತು, ಸನಿಕೆಯಲ್ಲೇ ಎತ್ತಿ ಹಾಕಿದರು. ಅಕ್ಕ ಆ ವಾಸನೆಯನ್ನು ಅಲಕ್ಷ್ಯ ಮಾಡಿದ್ದರೆ ಜಗುಲಿಯ ಮೇಲಿನ ಗೋಣಿಚೀಲಗಳಿಗೆ ಹತ್ತಿಕೊಳ್ಳುತ್ತಿತ್ತು.

ಅಕ್ಕಪಕ್ಕದವರು “ಲಿಥಿಯಂಗೆ ನೀರು ಹಾಕಬೇಡಿ” ಅಂತ ಕೂಗಿದರಂತೆ. ಇದು ಬಹಳ ಕಡೆ ಕೇಳುವ ಮಾತು, ತಪ್ಪು ಮಾತು. ನೀರಿಗೆ ಉರಿಯುವುದು ಲಿಥಿಯಂ ಲೋಹ. ನಮ್ಮ ಡ್ರೋನ್, ಮೊಬೈಲ್, ಸ್ಕೂಟರ್ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಬೇರೆ ರೂಪದಲ್ಲಿ. ಈ ಬೆಂಕಿಗೆ ಬೇಕಾದದ್ದು ತಂಪು, ಅದಕ್ಕೆ ಧಾರಾಳ ನೀರೇ ಒಳ್ಳೆಯದು. ಒಂದು ಚೊಂಬು ಚಿಮುಕಿಸಿದರೆ ಸಾಲದು, ಪೈಪಿನಲ್ಲಿ ಬಿಡಬೇಕು, ಚಾರ್ಜರಿನ ಪ್ಲಗ್ ಮೊದಲು ಕಿತ್ತಿರಬೇಕು. ಮರಳು ಬೆಂಕಿಯನ್ನು ಆರಿಸುವುದಿಲ್ಲ, ಹರಡದ ಹಾಗೆ ಮುಚ್ಚಿಡುತ್ತದೆ. ಬಿಸಿಗೆ ಸೆಲ್‌ನ ಒಳಗಿನ ಆಕ್ಸೈಡೇ ಆಮ್ಲಜನಕ ಬಿಡುತ್ತದೆ, ಅದಕ್ಕೇ ಮರಳಿನಡಿಯಲ್ಲೂ ಸುಡುತ್ತಲೇ ಇರುತ್ತದೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಥರದ ವಿಷ ಅನಿಲ ಇರುತ್ತದೆ, ಗಾಳಿ ಹೊಗೆಯನ್ನು ಒಯ್ಯುವ ಕಡೆ ನಿಲ್ಲಬಾರದು. ಇವರು ಮರಳು ಹಾಕಿ ದೂರ ನಿಂತದ್ದು ಒಳ್ಳೆಯದೇ ಆಯಿತು.

ಮೇಜಿನ ಮೇಲೆ ಕಂಡದ್ದು

ಏಳು ಪ್ಯಾಕ್‌ಗಳನ್ನು ಒಂದೊಂದಾಗಿ ಸಮತಟ್ಟಾದ ಗಾಜಿನ ಮೇಲೆ ಇಟ್ಟೆ. ಊದಿದ ನಾಲ್ಕೂ ತೊಟ್ಟಿಲಾಡಿದವು. ಅವುಗಳ ವೋಲ್ಟೇಜ್ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು, ಸೆಲ್‌ಗೆ 4.1ರ ಮೇಲೆಯೇ ಇತ್ತು. ಆದರೆ ಲೋಡ್ ಹಾಕಿ ಖಾಲಿ ಮಾಡಿದಾಗ 16 ಆಂಪ್-ಅವರ್ ಕೊಡಬೇಕಾದವು 11 ಕೊಡಲೂ ಒದ್ದಾಡಿದವು. ಮೀಟರ್ ತೋರಿಸುವ ವೋಲ್ಟೇಜ್ ಒಂದನ್ನೇ ನಂಬಿ ಬ್ಯಾಟರಿ ಚೆನ್ನಾಗಿದೆ ಅನ್ನುವವರು ಇದನ್ನು ಗಮನಿಸಬೇಕು.

ಸುಳ್ಳು ಹೇಳದ ಅಂಕಿ ಅಂದರೆ ಒಳಗಿನ ರೆಸಿಸ್ಟೆನ್ಸ್, ಚಾರ್ಜರ್‌ಗಳಲ್ಲಿ ಐಆರ್ ಅಂತ ತೋರಿಸುತ್ತದೆ. ಈ ಅಳತೆಯ ಹೊಸ ಸೆಲ್‌ನಲ್ಲಿ ಅದು 2 ಮಿಲಿಓಮ್ ಆಸುಪಾಸು. ಊದಿದ ಪ್ಯಾಕ್‌ಗಳಲ್ಲಿ 6ರಿಂದ 8 ಇತ್ತು. ಇದರ ಅರ್ಥ ಏನು ಅಂತ ಒಂದು ಲೆಕ್ಕ ನೋಡಿ. ಡ್ರೋನ್ ತುಂಬಿದ ಟ್ಯಾಂಕ್ ಎತ್ತಿಕೊಂಡು ನಿಂತಾಗ ಸುಮಾರು 100 ಆಂಪ್ ಎಳೆಯುತ್ತದೆ. ಆಂಪ್‌ನ ವರ್ಗವನ್ನು ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ ಸೆಲ್‌ನ ಒಳಗೆ ಶಾಖವಾಗಿ ಹೋಗುವ ವ್ಯಾಟ್ ಸಿಗುತ್ತದೆ. 2 ಮಿಲಿಓಮ್ ಇದ್ದಾಗ ಸೆಲ್‌ಗೆ 20 ವ್ಯಾಟ್. 6 ಇದ್ದರೆ 60 ವ್ಯಾಟ್. ಹನ್ನೆರಡು ಸೆಲ್‌ಗೆ 720 ವ್ಯಾಟ್, ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆಯಷ್ಟು ಶಾಖ ಬ್ಯಾಟರಿಯ ಹೊಟ್ಟೆಯೊಳಗೇ. ಹಳತಾದ ಬ್ಯಾಟರಿ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಬೇಗ ಹಳತಾಗುತ್ತದೆ.

ಊದಿಕೊಳ್ಳದ ಮೂರರಲ್ಲಿ ಎರಡು ತುಂಬಾ ಚೆನ್ನಾಗಿದ್ದವು. 14 ಆಂಪ್-ಅವರ್‌ಗೂ ಮೇಲೆ ಕೊಟ್ಟವು, ಐಆರ್ 3ರೊಳಗೆ ಇತ್ತು. ಅವು ಯಾವುವು ಗೊತ್ತಾ? ನವೆಂಬರ್‌ನಲ್ಲಿ ಅರ್ಧ ಟ್ಯಾಂಕ್ ಹೊಡೆದು, ಚಾರ್ಜ್ ಮಾಡದೆ ಹಾಗೆಯೇ ಇಟ್ಟ ಜೋಡಿ. ಸೆಲ್ 3.8ರ ಹತ್ತಿರ ನಿಂತಿತ್ತು. ಅದೇ ಹಂಗಾಮು, ಅದೇ ಬಿಸಿ ಚಾರ್ಜು, ಅದೇ ಪಂಪ್ ಮನೆ. ವ್ಯತ್ಯಾಸ ಎಷ್ಟು ತುಂಬಿಸಿ ಇಟ್ಟಿದ್ದರು ಅನ್ನುವುದು ಮಾತ್ರ. ಎರಡೇ ಪ್ಯಾಕ್ ನೋಡಿ ನಿಯಮ ಮಾಡಲಾಗದು, ನಿಜ. ಆದರೆ ಬ್ಯಾಟರಿಯ ರಸಾಯನ ಹೇಳುವುದೂ ಇದನ್ನೇ.

ಮೂರನೆಯದು ಫುಲ್ ಚಾರ್ಜ್‌ನಲ್ಲೇ ಇದ್ದದ್ದು, ಊದಿರಲಿಲ್ಲ. ಅದರ ಐದನೇ ಸೆಲ್ ಮಾತ್ರ 4 ಮಿಲಿಓಮ್ ತೋರಿಸಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಸಣ್ಣದು, ಆದರೆ ಬಹಳ ಮುಖ್ಯ. ಬ್ಯಾಲೆನ್ಸ್ ವೈರಿನ ಬಿಳಿ ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಎರಡು ಪ್ಯಾಕ್‌ಗಳಲ್ಲಿ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಔಷಧಿ ಕೈಯಲ್ಲೇ ಮುಟ್ಟಿದ್ದು, ಮಂಜು ಬಿದ್ದದ್ದು. ಚಾರ್ಜರ್ ಪ್ರತಿ ಸೆಲ್‌ನ ವೋಲ್ಟೇಜ್ ತಿಳಿಯುವುದು ಇದೇ ಪಿನ್‌ಗಳಿಂದ. ಇಲ್ಲಿ ಸಂಪರ್ಕ ಸರಿಯಿಲ್ಲದಿದ್ದರೆ ಚಾರ್ಜರ್‌ಗೆ ತಪ್ಪು ಸುದ್ದಿ ಹೋಗುತ್ತದೆ, ಒಂದು ಸೆಲ್ ಹೆಚ್ಚು ತುಂಬುತ್ತದೆ, ಇನ್ನೊಂದು ಕಡಿಮೆ. ಔಷಧಿ ಕಲಸುವವನು ಬ್ಯಾಟರಿ ಮುಟ್ಟಬಾರದು. ಇಬ್ಬರೇ ಇರುವ ಕಡೆ ಇದು ಕಷ್ಟ ಅಂತ ಗೊತ್ತು. ಕೈ ತೊಳೆದು ಒರೆಸಿಕೊಂಡರೂ ಸಾಕು.

ಬೀಪರ್

ಸುಟ್ಟುಹೋದ ಪ್ಯಾಕ್ ಮೊದಲು ಸತ್ತದ್ದು ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಫುಲ್ ಚಾರ್ಜ್ ಮಾಡಿ ಇಟ್ಟದ್ದು ತಾನೇ? ಬರೀ ಇಟ್ಟರೆ ಲಿಥಿಯಂ ಬ್ಯಾಟರಿ ಆರು ತಿಂಗಳಲ್ಲಿ ಸೊನ್ನೆಗೆ ಬರುವುದಿಲ್ಲ. ಪಂಪ್ ಮನೆಯ ಅಟ್ಟ ನೋಡಲು ಹೋದಾಗ ಉತ್ತರ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ದೊಡ್ಡ ವೋಲ್ಟೇಜ್ ಬೀಪರ್, ಅಂದರೆ ಸೆಲ್ ವೋಲ್ಟೇಜ್ ಇಳಿದರೆ ಕೂಗಿ ಎಚ್ಚರಿಸುವ ಸಾಧನ, ಒಂದು ಬಿದ್ದಿತ್ತು. ಆ ಪ್ಯಾಕಿನ ಬ್ಯಾಲೆನ್ಸ್ ವೈರಿಗೆ ಸಿಕ್ಕಿಸಿಯೇ ಇಟ್ಟಿದ್ದು, ಇಳಿಸುವಾಗ ಕಿತ್ತದ್ದು ಎಂದು ಭಾವನಿಗೆ ನೆನಪಾಯಿತು.

ಇಂಥ ಬೀಪರ್ 20 ಮಿಲಿಆಂಪ್ ಎಳೆಯುತ್ತದೆ ಅಂದುಕೊಂಡರೂ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಆಂಪ್-ಅವರ್. ಒಂದು ತಿಂಗಳಲ್ಲಿ 16 ಆಂಪ್-ಅವರ್ ಸೆಲ್ ಬರಿದು. ಅದೂ ಎಲ್ಲ ಸೆಲ್‌ಗಳಿಂದ ಸಮವಾಗಿ ಎಳೆಯುವುದಿಲ್ಲ. ಬಹಳಷ್ಟು ಬೀಪರ್‌ಗಳು ತಮಗೆ ಬೇಕಾದ ಕರೆಂಟನ್ನು ಮೊದಲ ಎರಡು ಮೂರು ಸೆಲ್‌ಗಳಿಂದ ಮಾತ್ರ ತಗೊಳ್ಳುತ್ತವೆ. ನಾಲ್ಕು ಸೆಲ್ ಸುಮಾರಾಗಿದ್ದು, ಎರಡು ಸೊನ್ನೆ ಮುಟ್ಟಿರಬೇಕು. ಪಂಪ್ ಮನೆಯಲ್ಲಿ ಅದು ಎಷ್ಟು ದಿನ ಕೂಗಿಕೊಂಡಿತೋ, ಮೋಟಾರ್ ಸದ್ದಿನಲ್ಲಿ ಯಾರಿಗೂ ಕೇಳಿಲ್ಲ.

ಸೆಲ್ ಸೊನ್ನೆಯ ಹತ್ತಿರ ಹೋದಾಗ ಒಳಗೆ ಆಗುವುದು ಇದು. ನೆಗೆಟಿವ್ ಕಡೆಯ ಹಾಳೆ ತಾಮ್ರದ್ದು. ವೋಲ್ಟೇಜ್ ತೀರಾ ಇಳಿದಾಗ ಆ ತಾಮ್ರ ಕರಗಿ ದ್ರಾವಣಕ್ಕೆ ಸೇರುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಎರಡು ಪದರಗಳ ನಡುವಿನ ತೆಳು ಪೊರೆಯನ್ನು ಅದು ದಾಟಿದರೆ ಒಳಗೇ ಶಾರ್ಟ್. ಚಾರ್ಜರ್ ಆ ಪ್ಯಾಕನ್ನು ತಗೊಳ್ಳದೆ ನಿಂತದ್ದು ಕೆಟ್ಟುಹೋಗಿ ಅಲ್ಲ, ಅದರ ಕೆಲಸವೇ ಅದು. ನಿಕಲ್ ಮೋಡ್‌ಗೆ ಹಾಕಿದರೆ ಚಾರ್ಜರ್ ಸೆಲ್‌ಗಳನ್ನು ಬೇರೆ ಬೇರೆಯಾಗಿ ನೋಡುವುದನ್ನೇ ಬಿಡುತ್ತದೆ, ಕಾವಲುಗಾರನ ಕಣ್ಣು ಕಟ್ಟಿದ ಹಾಗಾಯಿತು. ಆ ವಿಡಿಯೋ ಮಾಡುವವರು ಎರಡನೇ ದಿನ, ಹತ್ತನೇ ದಿನ ಏನಾಯಿತು ಅಂತ ತೋರಿಸುವುದಿಲ್ಲ. ಸೆಲ್ ಒಂದು ಸಲ ಸೊನ್ನೆ ಮುಟ್ಟಿತು ಅಂದರೆ ಅದರ ಮೇಲೆ ಆಸೆ ಬಿಡಿ. ಇಪ್ಪತ್ತು ಸಾವಿರದ ಮೇಲಿನ ಸಾಮಾನು, ಬಿಡಲು ಮನಸ್ಸು ಬರಲ್ಲ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಿಡಿ.

ಹಂಗಾಮಿನ ಲೆಕ್ಕ

“ಬಿಸಿ ಆರುವವರೆಗೆ ಕಾಯಿರಿ” ಅಂತ ಹೇಳುವುದು ಸುಲಭ. ಹೊಲದಲ್ಲಿ ಐದು ಜನ ರೈತರು ಕಾಯುತ್ತಾ ನಿಂತಿರುವಾಗ ಯಾರು ಕಾಯುತ್ತಾರೆ? ಹಾಗಾಗಿ ನಾನು ಬುದ್ಧಿ ಹೇಳುವ ಬದಲು ಅವರ ಜೊತೆ ಕೂತು ಲೆಕ್ಕ ಹಾಕಿದೆ.

ಹಳೆಯ ಪದ್ಧತಿಯಲ್ಲಿ 30 ಆಂಪ್ ಕೊಟ್ಟರೆ ಒಂದು ಜೋಡಿ ತುಂಬಲು ಸುಮಾರು 35 ನಿಮಿಷ. ಚಾರ್ಜರ್ ಎರಡು, ಹಾಗಾಗಿ 17-18 ನಿಮಿಷಕ್ಕೊಂದು ಜೋಡಿ ತಯಾರು. ತಣ್ಣಗಾಗಲಿ ಅಂತ ಬೇರೆ ಬಿಡುವು ಆ ಲೆಕ್ಕದಲ್ಲಿ ಇಲ್ಲ. ಇಳಿದಾಗ 50 ಡಿಗ್ರಿ ದಾಟಿದ ಪ್ಯಾಕು, ಚಾರ್ಜ್‌ನಲ್ಲಿ ಇನ್ನಷ್ಟು ಬಿಸಿಯಾಗಿ, ಅದೇ ಬಿಸಿಯಲ್ಲಿ ಮತ್ತೆ ಹಾರುತ್ತದೆ. ದಿನಪೂರ್ತಿ ಅದು ಸರಿಯಾಗಿ ತಣ್ಣಗಾಗುವುದಿಲ್ಲ. ಶಾಖ 10 ಡಿಗ್ರಿ ಏರಿದರೆ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಹಳೆಯ ಅಂದಾಜು. ದ್ರಾವಣ ಒಡೆದು ಅನಿಲವಾಗುತ್ತದೆ. ಊದಿಕೊಳ್ಳುವುದು ಅಂದರೆ ಆ ಅನಿಲವೇ. ಅದಕ್ಕೆ ಸೂಜಿ ಚುಚ್ಚಿ ಗಾಳಿ ತೆಗೆದು ಟೇಪ್ ಹಾಕಿದ ಪ್ಯಾಕ್ ಕೂಡ ನನ್ನ ಅಂಗಡಿಗೆ ಬಂದಿದೆ. ದಯವಿಟ್ಟು ಅದನ್ನಂತೂ ಮಾಡಬೇಡಿ.

ಹೊಸ ಲೆಕ್ಕ ಹೀಗೆ. 16 ಆಂಪ್, ಅಂದರೆ 1ಸಿ. ಕಾಲು ಭಾಗ ಉಳಿದಿರುವ ಜೋಡಿ ತುಂಬಲು ಒಂದು ಗಂಟೆ. ಹಾರಾಟ 8 ನಿಮಿಷ, ನೆರಳಲ್ಲಿ ತಣ್ಣಗಾಗಲು 25 ನಿಮಿಷ. ಒಟ್ಟು 93 ನಿಮಿಷ. ನಾಲ್ಕು ಜೋಡಿ ಇದ್ದರೆ 25 ನಿಮಿಷಕ್ಕೊಂದು ಎಕರೆ, ಐದು ಜೋಡಿ ಇದ್ದರೆ 20 ನಿಮಿಷಕ್ಕೊಂದು. ಎರಡಕ್ಕೂ ಮೂರು ಚಾರ್ಜರ್ ಬೇಕು. ಜನರೇಟರ್ ಸಾಲುತ್ತದಾ? ಒಂದು ಪ್ಯಾಕ್‌ಗೆ 25.2 ವೋಲ್ಟ್, 16 ಆಂಪ್, ಅಂದರೆ 400 ವ್ಯಾಟ್ ಚಿಲ್ಲರೆ. ಜೋಡಿಗೆ 800, ನಷ್ಟ ಸೇರಿ 950 ಅನ್ನಿ. ಮೂರು ಚಾರ್ಜರ್‌ಗೆ 2,850 ವ್ಯಾಟ್. ಹಳೆಯ ಎರಡು ಚಾರ್ಜರ್ 30 ಆಂಪ್‌ನಲ್ಲಿ ಎಳೆಯುತ್ತಿದ್ದದ್ದಕ್ಕಿಂತ ಇದು ಕಡಿಮೆಯೇ! ಅದೇ ಜನರೇಟರ್ ಆರಾಮವಾಗಿ ನಡೆಸುತ್ತದೆ, ಪೆಟ್ರೋಲ್ ಕೂಡ ಉಳಿಯುತ್ತದೆ.

ಭಾವನಿಗೆ ಗಂಟೆಗೆ ಒಂದು ಎಕರೆ ಕಮ್ಮಿಯಾಗುತ್ತದೆ ಅನ್ನುವ ಚಿಂತೆ. ಎಕರೆಗೆ ನಾನೂರೋ ಐನೂರೋ ಸಿಗುವ ಕಡೆ ಅದು ಸಣ್ಣ ಚಿಂತೆ ಅಲ್ಲ. ಆದರೆ ನಮ್ಮ ಕಡೆಯ ಹೊಲಗಳು ಒಂದು ಎಕರೆ, ಎರಡು ಎಕರೆಯ ತುಂಡುಗಳು. ಒಂದು ಕಡೆ ಮುಗಿಸಿ, ಸಾಮಾನು ಗಾಡಿಗೆ ಏರಿಸಿ, ಇನ್ನೊಂದು ಕಡೆ ಇಳಿಸಿ, ಔಷಧಿ ಕಲಸುವ ಹೊತ್ತಿಗೆ ಎಷ್ಟೋ ಸಮಯ ಹೋಗಿರುತ್ತದೆ. ಬ್ಯಾಟರಿ ತಣ್ಣಗಾಗುವುದು ಆ ಹೊತ್ತಿನಲ್ಲೇ. ಹಾಗಾಗಿ ದಿನದ ಕೊನೆಗೆ ಕಾಗದದ ಮೇಲೆ ಕಂಡಷ್ಟು ನಷ್ಟ ಆಗುವುದಿಲ್ಲ.

ಇನ್ನು ಕಡಿಮೆ ವೋಲ್ಟೇಜ್ ಮಿತಿ. ಅದನ್ನು 43.2ಕ್ಕೆ ಏರಿಸಿದೆವು, ಸೆಲ್‌ಗೆ 3.6. ಪ್ಯಾಕ್‌ಗಳಿಗೆ ಪೇಂಟ್‌ನಲ್ಲಿ 1ಅ 1ಆ, 2ಅ 2ಆ ಅಂತ ನಂಬರ್ ಬರೆದು, ಜೋಡಿ ಎಂದೂ ಒಡೆಯಬಾರದು ಅಂತ ಮಾಡಿದೆವು. ಈ ಎರಡಕ್ಕೂ ಸಂಬಂಧ ಇದೆ. ಡ್ರೋನ್ ನೋಡುವುದು ಹನ್ನೆರಡು ಸೆಲ್‌ಗಳ ಒಟ್ಟು ಮೊತ್ತವನ್ನು. ಹನ್ನೊಂದು ಗಟ್ಟಿ ಸೆಲ್ 3.64 ವೋಲ್ಟ್‌ನಲ್ಲಿದ್ದು, ಒಂದು ಬಡ ಸೆಲ್ 3.16ಕ್ಕೆ ಇಳಿದಿದ್ದರೂ ಮೊತ್ತ 43.2 ಅಂತಲೇ ತೋರಿಸುತ್ತದೆ. ಹಳತನ್ನೂ ಹೊಸತನ್ನೂ ಸೇರಿಸಿ ಹಾರಿಸಿದರೆ ಹೊಡೆತ ತಿನ್ನುವುದು ಯಾವಾಗಲೂ ಆ ಒಂದು ಸೆಲ್. ಮಿತಿಯನ್ನು 39.6ಕ್ಕೆ ಇಳಿಸಿದಾಗ ಅದರ ಗತಿ ಏನು ಅಂತ ನೀವೇ ಯೋಚಿಸಿ.

ಚಳಿಗಾಲದ ಬೆಳಿಗ್ಗೆ ಹೊಡೆಯುವವರಿಗೆ ಒಂದು ಮಾತು. ತಣ್ಣನೆ ಬ್ಯಾಟರಿ ಮೊದಲ ನಿಮಿಷದಲ್ಲಿ ಸೋಲುತ್ತದೆ. ಚಿಕ್ಕಮಗಳೂರಿನ ಗುಡ್ಡದ ತೋಟಗಳಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ರಾತ್ರಿ ಗಾಡಿಯಲ್ಲಿ ಬಿಡದೆ ಮನೆಯ ಹೊರಕೋಣೆಯಲ್ಲಿಟ್ಟರೆ ಸಾಕು.

ಎತ್ತಿಡುವುದು

ಮೇ ಮಧ್ಯಾಹ್ನ ಪಂಪ್ ಮನೆಯ ಅಟ್ಟದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 44 ಡಿಗ್ರಿ. ಹೊರಗೆ ಹುಣಸೆಮರದ ನೆರಳಲ್ಲಿ 32. ಮಾರ್ಚ್, ಏಪ್ರಿಲ್ ಪೂರ್ತಿ ಆ ಬಿಸಿಯಲ್ಲಿ, ಸೆಲ್ 4.2 ವೋಲ್ಟ್‌ನಲ್ಲಿ ಬಿಗಿದುಕೊಂಡಿತ್ತು. ಪೂರ್ತಿ ತುಂಬಿದ ಸೆಲ್‌ನಲ್ಲಿ ಪಾಸಿಟಿವ್ ಕಡೆಯ ವಸ್ತು ತನ್ನ ಪಕ್ಕದ ದ್ರಾವಣವನ್ನು ನಿಧಾನಕ್ಕೆ ಸುಡುತ್ತಲೇ ಇರುತ್ತದೆ. ಶಾಖ ಸೇರಿದರೆ ಇನ್ನೂ ಬೇಗ. ಒಂದು ದಿನ, ಎರಡು ದಿನ ಪರವಾಗಿಲ್ಲ. ಕೆಲಸ ಇಲ್ಲ ಅಂತ ಮೂರು ದಿನ ದಾಟುವುದು ಗೊತ್ತಾದರೆ 3.85ಕ್ಕೆ ಇಳಿಸಲೇಬೇಕು. ಫೋಟೋ ತೆಗೆಯುವ ಸಣ್ಣ ಡ್ರೋನ್‌ಗಳ ಬ್ಯಾಟರಿ ಬಹಳಷ್ಟು ಕೆಲವು ದಿನ ಸುಮ್ನೆ ಬಿಟ್ಟರೆ ತಾನೇ ಇಳಿದುಕೊಳ್ಳುತ್ತದೆ. ಇವರ ಪ್ಯಾಕ್‌ಗಳಲ್ಲಿ ಅಂಥ ಬುದ್ಧಿ ಇಲ್ಲ, ಕೈಯಿಂದ ಮಾಡಬೇಕು.

ಹೇಗೆ ಇಳಿಸುವುದು? ಚಾರ್ಜರ್‌ನಲ್ಲೇ ಸ್ಟೋರೇಜ್ ಅನ್ನುವ ಆಯ್ಕೆ ಇದೆ. ಆದರೆ ತುಂಬಿದ ಪ್ಯಾಕ್‌ನಿಂದ ತೆಗೆಯಬೇಕಾದದ್ದು ಸುಮಾರು 175 ವ್ಯಾಟ್-ಅವರ್. ಚಾರ್ಜರ್‌ಗಳು ಡಿಸ್ಚಾರ್ಜ್ ಮಾಡುವ ಶಕ್ತಿ ಎಷ್ಟೋ ಸಲ 25-30 ವ್ಯಾಟ್ ಅಷ್ಟೆ. ಒಂದು ಪ್ಯಾಕ್‌ಗೆ ಆರು ಏಳು ಗಂಟೆ ಹಿಡಿಯುತ್ತದೆ. ಇದಕ್ಕೆ ನಾನು ಮಾಡಿಕೊಟ್ಟದ್ದು ಲಾರಿಯ ಹೆಡ್‌ಲೈಟ್ ಬಲ್ಬು. ಲಾರಿಯದ್ದು 24 ವೋಲ್ಟ್, 6 ಸೆಲ್ ಪ್ಯಾಕ್‌ಗೆ ಹೇಳಿ ಮಾಡಿಸಿದ ಹಾಗಿದೆ. 75 ವ್ಯಾಟ್ ಬಲ್ಬ್ ಒಂದು ಹಾಕಿದರೆ ಎರಡೂವರೆ ಗಂಟೆಯ ಒಳಗೆ ಪ್ಯಾಕ್ 23.1 ವೋಲ್ಟ್‌ಗೆ ಬರುತ್ತದೆ. ಸಿಮೆಂಟ್ ನೆಲದ ಮೇಲೆ, ಬಲ್ಬನ್ನು ಸೆರಾಮಿಕ್ ಹೋಲ್ಡರ್‌ಗೆ ಹಾಕಿ, ದಪ್ಪ ವೈರು, ಮಧ್ಯೆ ಒಂದು 10 ಆಂಪ್ ಫ್ಯೂಸ್. ಬಲ್ಬಿಗೆ ತಾನಾಗಿ ನಿಲ್ಲಲು ಬರುವುದಿಲ್ಲ, ಅದೇ ಇದರ ಅಪಾಯ. ಹಾಕಿ ಮರೆತು ಮಲಗಿದರೆ ಬೀಪರ್ ಮಾಡಿದ್ದೇ ಕೆಲಸ ಇದೂ ಮಾಡುತ್ತದೆ. ಹಾಗಾಗಿ ಮೊಬೈಲ್‌ನಲ್ಲಿ ಅರ್ಧ ಗಂಟೆಗೊಂದು ಅಲಾರಾಂ ಇಟ್ಟು, ಮೀಟರ್ ಹಿಡಿದು ನೋಡುತ್ತಾ ಕೂರಬೇಕು.

ಇದೆಲ್ಲದಕ್ಕಿಂತ ಒಳ್ಳೆಯ ದಾರಿ ಅವರೇ ತಿಳಿಯದೆ ಮಾಡಿದ್ದು. ಹಂಗಾಮಿನ ಕೊನೆಯ ದಿನ ಒಂದೊಂದು ಜೋಡಿಯನ್ನೂ ಅರ್ಧ ಹಾರಾಟಕ್ಕೆ ಇಳಿಸಿ, ತಣ್ಣಗೆ ಮಾಡಿ, ಹಾಗೆಯೇ ಎತ್ತಿಡುವುದು.

ಜಾಗವನ್ನೂ ಬದಲಿಸಿದೆವು. ಮನೆಯ ಹಿಂದೆ ಮೋಲ್ಡ್ ಹಾಕಿದ ಸಣ್ಣ ಕೋಣೆ ಇತ್ತು, ಬಿಸಿಲು ಬೀಳದ ಕಡೆ. ಅಲ್ಲಿ ಸಿಮೆಂಟ್ ನೆಲದ ಮೇಲೆ ಹಳೆಯ ಕಬ್ಬಿಣದ ಟ್ರಂಕು. ಒಳಗೆ ಪ್ಯಾಕ್‌ಗಳ ನಡುವೆ ಸಿಮೆಂಟ್ ಶೀಟಿನ ತುಂಡು. ಟ್ರಂಕಿಗೆ ಚಿಲಕ ಹಾಕುವುದಿಲ್ಲ, ಅನಿಲ ಬಂದರೆ ಹೊರಗೆ ಹೋಗಲು ದಾರಿ ಬೇಕು. ಕನೆಕ್ಟರ್‌ಗಳಿಗೆ ಟೋಪಿ, ಬ್ಯಾಲೆನ್ಸ್ ವೈರಿನಲ್ಲಿ ಏನೂ ಸಿಕ್ಕಿಸಿರಬಾರದು. ಡೀಸೆಲ್, ಔಷಧಿ, ಗೋಣಿಚೀಲ ಯಾವುದೂ ಆ ಕೋಣೆಗೆ ಬರುವ ಹಾಗಿಲ್ಲ. ತಿಂಗಳಿಗೊಮ್ಮೆ ಅಕ್ಕ ಮೀಟರ್ ಹಿಡಿದು ಎಲ್ಲ ಸೆಲ್ ನೋಡಿ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಫ್ರಿಜ್‌ನಲ್ಲಿ ಇಡಬಹುದಾ ಅಂತ ಮೈದುನ ಕೇಳಿದ. ನಮ್ಮ ಹಾಸನದ ಹವೆಗೆ ಅದರ ಅಗತ್ಯವೇ ಇಲ್ಲ. ಹೊರಗೆ ತೆಗೆದಾಗ ನೀರು ಬೆವರಿ ಕನೆಕ್ಟರ್ ಕೆಡುತ್ತದೆ.

ಈಗಿನ ಸ್ಥಿತಿ

ಹೊಸದಾಗಿ ಮೂರು ಜೋಡಿ ತಗೊಂಡರು, ಒಂದು ಚಾರ್ಜರ್ ಕೂಡ. ಹಳೆಯ ಒಳ್ಳೆಯ ಜೋಡಿ ಸೇರಿ ನಾಲ್ಕು. ಐದನೆಯದಕ್ಕೆ ಮುಂದಿನ ವರ್ಷ ದುಡ್ಡು ಹೊಂದಿಸುತ್ತಾರಂತೆ. ಒಂದು ಹಂಗಾಮು ಮುಗಿಸಿ ಅಳೆದಾಗ ಹೊಸ ಪ್ಯಾಕ್‌ಗಳ ಎಲ್ಲ ಸೆಲ್ 2ರಿಂದ ಎರಡೂವರೆ ಮಿಲಿಓಮ್ ಒಳಗೇ ಇವೆ. ಒಂದೂ ಊದಿಲ್ಲ. ಇಂಥ ಪ್ಯಾಕ್ ಚೆನ್ನಾಗಿ ನೋಡಿಕೊಂಡರೆ ಇನ್ನೂರು ಮುನ್ನೂರು ಸಲ ಬರಬೇಕು. ಹೊಸತಿನ 80 ಪರ್ಸೆಂಟ್‌ಗಿಂತ ಕಡಿಮೆ ಕೊಡಲು ಶುರುಮಾಡಿದರೆ ಹಾರಾಟದಿಂದ ತೆಗೆಯಬೇಕು.

ಊದಿದ ನಾಲ್ಕನ್ನು ಬಯಲಿನಲ್ಲಿ ಅದೇ ಲಾರಿ ಬಲ್ಬು ಹಾಕಿ, ಈ ಸಲ ಬಲ್ಬ್ ಪೂರ್ತಿ ಆರುವವರೆಗೆ ಬಿಟ್ಟು ಖಾಲಿ ಮಾಡಿದೆವು. ಉಪ್ಪುನೀರಿನಲ್ಲಿ ಮುಳುಗಿಸುವ ಪದ್ಧತಿ ಕೆಲವರು ಹೇಳುತ್ತಾರೆ. ಅದರಲ್ಲಿ ಕನೆಕ್ಟರ್ ಮೊದಲು ತುಕ್ಕು ಹಿಡಿದು ಸಂಪರ್ಕ ಹೋಗುತ್ತದೆ, ಒಳಗೆ ಕರೆಂಟ್ ಉಳಿದುಬಿಡುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಖಾಲಿಯಾದವನ್ನು ಗುಜರಿಗೆ ಕೊಡಬೇಡಿ ಎಂದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಿಸುವವರ, ಆಮದು ಮಾಡುವವರ ಮೇಲಿದೆ. ಮಾರಿದವರು ಮೊದಲು ಆಗಲ್ಲ ಅಂದರು. ನಿಯಮದ ಹೆಸರು ಹೇಳಿ ಬರವಣಿಗೆಯಲ್ಲಿ ಕೇಳಿದ ಮೇಲೆ ತಗೊಂಡರು.

ಉಳಿದದ್ದು ಆ ಒಂಟಿ ಪ್ಯಾಕ್, ಐದನೇ ಸೆಲ್ 4 ಮಿಲಿಓಮ್ ಇರುವುದು. ಜೋಡಿ ಇಲ್ಲ, ಹೊಸದರ ಜೊತೆ ಸೇರಿಸುವ ಹಾಗಿಲ್ಲ. ಮೈದುನ ಅದರಿಂದ ಹೊಲದಲ್ಲಿ ರಾತ್ರಿ ದೀಪ, ಔಷಧಿ ಕಲಸುವ ಸಣ್ಣ ಪಂಪು ನಡೆಸುತ್ತಿದ್ದಾನೆ, ಎರಡೂ ಸೇರಿ 5 ಆಂಪ್ ದಾಟುವುದಿಲ್ಲ. ಅಕ್ಕನ ನೋಟ್‌ಬುಕ್‌ನಲ್ಲಿ ಅದಕ್ಕೊಂದು ಪುಟ ಬೇರೆ ಇದೆ. ಐದನೇ ಸೆಲ್ 6 ಮುಟ್ಟಿದರೆ, ಇಲ್ಲವೇ ಗಾಜಿನ ಮೇಲೆ ಇಟ್ಟಾಗ ಅಲುಗಿದರೆ, ಅದನ್ನೂ ಖಾಲಿ ಮಾಡಿ ವಾಪಸ್ ಕೊಡುವುದು ಎಂದು ಮೂವರೂ ಒಪ್ಪಿದ್ದಾರೆ.